ಬಾಗಿಲಿನ ಸದ್ದಿಗೆ ಅರ್ಥ ಕೊಟ್ಟವರು ಯಾರು?

(ಕುಟುಂಬ ಮತ್ತು ಸಮಾಜದಲ್ಲಿ ಸಂಕೇತಗಳ ಮೂಲಕ ನಡೆಯುವ ಸಂವಹನದ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಒಂದು ಪ್ರಶ್ನೆ ಮತ್ತು ಅದಕ್ಕೆ ಕೊಟ್ಟ ಉತ್ತರವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಸ್ನೇಹಿತರೇ,

ಮನೆಯೊಳಗೆ ಒಂದು ಬಾಗಿಲು ದಡಾರನೆ ಮುಚ್ಚಿಕೊಂಡಿತು ಎಂದು ಇಟ್ಟುಕೊಳ್ಳಿ. ಗಾಳಿಗೆ ಮುಚ್ಚಿಕೊಂಡಿದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮಗಳು ಒಳಗೆ ಹೋಗಿ ಹಾಕಿಕೊಂಡಿದ್ದರೆ ಇಡೀ ಮನೆಯ ಮಾತು ಒಮ್ಮೆಗೇ ನಿಲ್ಲುತ್ತದೆ. ತಾಯಿ ಅದನ್ನು ಕೋಪವೆಂದು ತಿಳಿಯುತ್ತಾಳೆ. ತಂದೆ ಅಹಂಕಾರವೆಂದು ತಿಳಿಯುತ್ತಾನೆ. ಅಕ್ಕ ಅಳುವುದಕ್ಕೆ ಒಳಗೆ ಹೋಗಿದ್ದಾಳೆ ಎಂದು ತಮ್ಮನಿಗೆ ಮಾತ್ರ ಹೊಳೆಯುತ್ತದೆ. ಸದ್ದು ಒಂದೇ. ಕಿವಿಗೆ ಬಿದ್ದ ಕಂಪನದಲ್ಲಿ ಕೋಪವೂ ಇರಲಿಲ್ಲ, ಅಹಂಕಾರವೂ ಇರಲಿಲ್ಲ, ಅಳುವೂ ಇರಲಿಲ್ಲ. ಆ ಮೂರೂ ಅರ್ಥಗಳು ಆ ಮನೆಯ ಹಿಂದಿನ ದಿನಗಳಿಂದ ಬಂದವು.

ನಾನು ಇಂದು ಹೇಳಬೇಕೆಂದಿರುವುದು ಇಷ್ಟು. ಸಂಕೇತಗಳಿಗೆ ಅರ್ಥವನ್ನು ಕಟ್ಟುವವರು ಜೊತೆಯಲ್ಲಿ ಬದುಕುವ ಜನ, ಕೂಡಿ ಕಟ್ಟುತ್ತಾರೆ. ಆದರೆ ಆ ಕಟ್ಟುವ ಕೆಲಸದಲ್ಲಿ ಎಲ್ಲರಿಗೂ ಸಮಪಾಲು ಸಿಗುವುದಿಲ್ಲ. ಕುಟುಂಬಗಳಲ್ಲಿ ನಾವು ಕಾಣುವ ಎಷ್ಟೋ ನೋವು ಈ ಎರಡನೆಯ ಸಂಗತಿಯಿಂದ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುತ್ತೇವೆ. ಅಲ್ಲಿ ಯಾರ ಒಪ್ಪಂದವೂ ಬೇಕಿಲ್ಲ, ಪ್ರಕೃತಿಯೇ ಆ ಎರಡನ್ನೂ ಜೋಡಿಸಿದೆ. ಸಂಕೇತ ಬೇರೆ ಜಾತಿಯದು. ಕೆಂಪು ದೀಪದಲ್ಲಿ ನಿಲ್ಲು ಎನ್ನುವ ಗುಣ ಯಾವುದೂ ಇಲ್ಲ. ಎಲ್ಲರೂ ಒಪ್ಪಿ ಹಸಿರಿಗೆ ನಿಲ್ಲುವುದೆಂದು ತೀರ್ಮಾನಿಸಿದ್ದರೆ ಹಸಿರಿಗೇ ನಿಲ್ಲುತ್ತಿದ್ದೆವು. ಈ ಒಪ್ಪಂದಕ್ಕೆ ನಾವಾರೂ ಸಹಿ ಹಾಕಿಲ್ಲ, ಹುಟ್ಟಿದ ಮೇಲೆ ಅದರೊಳಗೆ ಬೆಳೆದೆವು ಅಷ್ಟೆ.

ಈ ವಿಷಯವನ್ನು ಆಳವಾಗಿ ಯೋಚಿಸಿದವರಲ್ಲಿ ಅಮೆರಿಕದ ತತ್ವಚಿಂತಕ ಜಾರ್ಜ್ ಹರ್ಬರ್ಟ್ ಮೀಡ್ ಮುಖ್ಯರು. 1894ರಿಂದ 1931ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅವರ ಅತ್ಯಂತ ಪ್ರಸಿದ್ಧ ಪುಸ್ತಕ ಅವರು ಬರೆದದ್ದಲ್ಲ. ತರಗತಿಯಲ್ಲಿ ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಗಳಿಂದ 1934ರಲ್ಲಿ ಅದು ರೂಪುಗೊಂಡಿತು. ಮಾತಿನ ಮೂಲಕ ಅರ್ಥ ಹುಟ್ಟುತ್ತದೆ ಎಂದು ಬೋಧಿಸಿದವರ ಚಿಂತನೆ ಕೇಳಿಸಿಕೊಂಡವರ ಕೈಯಿಂದಲೇ ನಮಗೆ ತಲುಪಿದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಮೀಡ್ ಎರಡು ನಾಯಿಗಳ ಜಗಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ. ಒಂದು ನಾಯಿ ಹಲ್ಲು ತೋರಿಸುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ, ಅದನ್ನು ಕಂಡು ಮೊದಲನೆಯದು ಮುನ್ನುಗ್ಗುತ್ತದೆ. ಒಂದರ ಚಲನೆ ಇನ್ನೊಂದರ ಚಲನೆಯನ್ನು ಹುಟ್ಟಿಸುತ್ತದೆ. ಆದರೆ ತನ್ನ ಹಲ್ಲು ಎದುರಿನ ನಾಯಿಗೆ ಹೇಗೆ ಕಾಣುತ್ತದೆ ಎಂದು ಯಾವ ನಾಯಿಯೂ ಯೋಚಿಸುವುದಿಲ್ಲ. ಮನುಷ್ಯ ಮುಷ್ಟಿ ಎತ್ತಿದಾಗ ಆ ಮುಷ್ಟಿ ಎದುರಿನವನಿಗೆ ಏನು ಹೇಳುತ್ತದೆ ಎಂಬುದು ಎತ್ತಿದವನಿಗೂ ಗೊತ್ತಿರುತ್ತದೆ. ನನ್ನ ಸನ್ನೆ ನಿನ್ನಲ್ಲಿ ಎಬ್ಬಿಸುವ ಪ್ರತಿಕ್ರಿಯೆಯನ್ನು ನನ್ನೊಳಗೂ ಎಬ್ಬಿಸಿದಾಗ ಮಾತ್ರ ಅದು ಸಂಕೇತವಾಗುತ್ತದೆ. ಅಂದರೆ ಪ್ರತಿಯೊಂದು ಮಾತಿನಲ್ಲೂ ನಾವು ಒಂದು ಗಳಿಗೆ ಎದುರಿನವರ ಜಾಗದಲ್ಲಿ ನಿಂತು ಬರುತ್ತೇವೆ. ಮೀಡ್ ಅವರ ದಾರಿಯಲ್ಲಿ ನಡೆದ ಹರ್ಬರ್ಟ್ ಬ್ಲೂಮರ್ 1937ರಲ್ಲಿ ಈ ವಿಚಾರಧಾರೆಗೆ ಸಾಂಕೇತಿಕ ಅಂತಃಕ್ರಿಯಾವಾದ ಎಂಬ ಹೆಸರು ಕೊಟ್ಟರು. ಹೆಸರು ಭಾರವಾಗಿದೆ, ಹೇಳುವುದು ಸರಳವಾಗಿದೆ: ವಸ್ತುಗಳಿಗೆ ನಾವು ಕೊಡುವ ಅರ್ಥದಂತೆ ಅವುಗಳೊಂದಿಗೆ ನಡೆದುಕೊಳ್ಳುತ್ತೇವೆ, ಆ ಅರ್ಥ ಇತರರ ಒಡನಾಟದಿಂದ ಬರುತ್ತದೆ, ಬಳಸುತ್ತ ಬಳಸುತ್ತ ಅದನ್ನು ತಿದ್ದುತ್ತಲೂ ಇರುತ್ತೇವೆ.

ಹಂಚಿಕೊಂಡ ಸಂಕೇತ ಮನುಷ್ಯನಿಗೆ ಏನನ್ನು ಕೊಡುತ್ತದೆ ಎಂದು ತಿಳಿಯಲು ಹೆಲೆನ್ ಕೆಲರ್ ಅವರ ಬಾಲ್ಯವನ್ನು ನೋಡಬೇಕು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆ ಅವರ ಕಣ್ಣು ಮತ್ತು ಕಿವಿ ಎರಡನ್ನೂ ಕಸಿದುಕೊಂಡಿತು. ಸಂವಹನವೇ ಇರಲಿಲ್ಲವೇ? ಇತ್ತು. ತಲೆ ಅಲ್ಲಾಡಿಸಿದರೆ ಬೇಡ, ತೂಗಿದರೆ ಹೌದು, ಎಳೆದರೆ ಬಾ, ತಳ್ಳಿದರೆ ಹೋಗು. ಮನೆಯವರೊಂದಿಗೆ ಇಂತಹ ಸನ್ನೆಗಳಲ್ಲಿ ಅವರ ವ್ಯವಹಾರ ನಡೆಯುತ್ತಿತ್ತು. ಬೇಕು, ಬೇಡಗಳನ್ನು ತಿಳಿಸಲು ಅಷ್ಟು ಸಾಕಾಗುತ್ತಿತ್ತು. ಅದಕ್ಕಿಂತ ಆಚೆಯದನ್ನು ಹೇಳಲಾಗದೆ ಆ ಮಗು ಸಿಟ್ಟಿನಿಂದ ಕೂಗಿ, ಒದ್ದು, ದಣಿದು ಬೀಳುತ್ತಿತ್ತು.

1887ರ ಮಾರ್ಚ್‌ನಲ್ಲಿ ಆ್ಯನ್ ಸಲಿವನ್ ಶಿಕ್ಷಕಿಯಾಗಿ ಬಂದರು. ಮಗುವಿನ ಅಂಗೈ ಮೇಲೆ ಬೆರಳಿನಿಂದ ಅಕ್ಷರಗಳನ್ನು ಮೂಡಿಸುತ್ತ ಹೋದರು. ಮಗು ಆ ಆಕಾರಗಳನ್ನು ಅನುಕರಿಸಿತು, ಆದರೆ ಅವು ಯಾವುದರ ಹೆಸರು ಎಂಬುದು ಹೊಳೆಯಲಿಲ್ಲ. ಏಪ್ರಿಲ್‌ನ ಒಂದು ಬೆಳಿಗ್ಗೆ ಈ ಪಾಠದಿಂದ ರೋಸಿಹೋದ ಮಗು ತನ್ನ ಹೊಸ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆದುಹಾಕಿತು. ಒಡೆದುದಕ್ಕೆ ಬೇಸರವೇನೂ ಆಗಲಿಲ್ಲ. ಆಮೇಲೆ ನೀರಿನ ಪಂಪಿನ ಬಳಿ ಒಂದು ಕೈ ಮೇಲೆ ನೀರು ಹರಿಯುತ್ತಿರುವಾಗ ಇನ್ನೊಂದು ಕೈ ಮೇಲೆ ಸಲಿವನ್ ಅದರ ಹೆಸರನ್ನು ಬರೆದ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಅದರ ನಂತರ ನಡೆದದ್ದನ್ನು ಕಡಿಮೆ ಜನ ನೆನಪಿಟ್ಟುಕೊಂಡಿದ್ದಾರೆ. ಪ್ರತಿಯೊಂದಕ್ಕೂ ಹೆಸರಿದೆ ಎಂದು ಅರಿತು ಮನೆಯೊಳಗೆ ಬಂದ ಮಗುವಿಗೆ ತಾನು ಒಡೆದ ಗೊಂಬೆ ನೆನಪಾಯಿತು. ಚೂರುಗಳನ್ನು ತಡವಿ ಎತ್ತಿಕೊಂಡು ಜೋಡಿಸಲು ನೋಡಿತು. ಆಗಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಪಶ್ಚಾತ್ತಾಪವೆಂಬುದನ್ನು ಆಗ ಅನುಭವಿಸಿದೆ ಎಂದು ಕೆಲರ್ ತಮ್ಮ ಆತ್ಮಕಥೆಯಲ್ಲಿ ಹೇಳುತ್ತಾರೆ. ಆ ದಿನ ಕಲಿತ ಹೆಸರುಗಳಲ್ಲಿ ತಾಯಿ, ತಂದೆ, ತಂಗಿ, ಶಿಕ್ಷಕಿ ಎಂಬವು ಇದ್ದವು.

ಇದನ್ನು ಓದಿದಾಗಲೆಲ್ಲ ನಾನು ಬೆರಗಾಗುತ್ತೇನೆ. ತಾಯಿ ಮೊದಲೂ ಇದ್ದಳು. ಅವಳ ಸ್ಪರ್ಶ, ವಾಸನೆ, ಅಪ್ಪುಗೆ ಎಲ್ಲವೂ ಇದ್ದವು. ಆದರೆ ತಾಯಿ ಎಂಬ ಹೆಸರು ಬಂದ ದಿನವೇ ತಾನು ಮಾಡಿದ್ದಕ್ಕೆ ತಾನು ಹೊಣೆ ಎಂಬ ಭಾವವೂ ಬಂದಿತು. ಇತರರ ಕಣ್ಣಿನಿಂದ ನನ್ನನ್ನು ನಾನು ನೋಡಿಕೊಳ್ಳುವುದಕ್ಕೆ ಸಂಕೇತಗಳು ಬೇಕು ಎಂದು ಮೀಡ್ ಹೇಳಿದ್ದನ್ನು ಈ ಮಗುವಿನ ಒಂದು ದಿನ ತೋರಿಸಿಕೊಟ್ಟಿದೆ.

ಸಮಾಜದ ಮಟ್ಟದಲ್ಲಿ ಇಂತಹದೇ ಒಂದು ಘಟನೆ ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ನಡೆಯಿತು. ಅಲ್ಲಿ ಕಿವುಡ ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ ಒಂಟಿಯಾಗಿ ಬೆಳೆಯುತ್ತಿದ್ದರು. ಪ್ರತಿ ಮನೆಗೂ ಅದರದೇ ಸನ್ನೆಗಳು. ಪಕ್ಕದ ಮನೆಯವರಿಗೆ ಅವು ತಿಳಿಯುತ್ತಿರಲಿಲ್ಲ. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆಯೊಂದು, 1980ರಲ್ಲಿ ಇನ್ನೊಂದು ಶಾಲೆ ಆರಂಭವಾದವು. ಶಿಕ್ಷಕರು ಕಲಿಸಲು ಹೊರಟದ್ದು ತುಟಿ ನೋಡಿ ಸ್ಪ್ಯಾನಿಷ್ ಅರಿಯುವುದನ್ನು. ಮಕ್ಕಳಿಗೆ ಅದು ಹೆಚ್ಚೇನೂ ಹತ್ತಲಿಲ್ಲ. ಆದರೆ ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯಿಂದ ತಂದ ಸನ್ನೆಗಳನ್ನು ಬಳಸಿದರು, ಇತರರದನ್ನು ಎತ್ತಿಕೊಂಡರು, ಹೊಂದದ್ದನ್ನು ಕೈಬಿಟ್ಟರು. ಮುಂದಿನ ವರ್ಷಗಳಲ್ಲಿ ಸೇರಿದ ಪುಟ್ಟ ಮಕ್ಕಳು ಅದಕ್ಕೆ ಇನ್ನಷ್ಟು ಕ್ರಮ, ವ್ಯಾಕರಣ ತಂದರು. ಹೀಗೆ ಯಾರೂ ಕಲಿಸದ ಒಂದು ಪೂರ್ಣ ಭಾಷೆ ಹುಟ್ಟಿಕೊಂಡಿತು. ಭಾಷಾವಿಜ್ಞಾನಿಗಳು ಅದನ್ನು ಹುಟ್ಟುತ್ತಿರುವಾಗಲೇ ದಾಖಲಿಸಿದರು. ಒಂದು ಮನೆಯ ಗುಟ್ಟಾಗಿದ್ದ ಸನ್ನೆ ಹಲವರ ಆಸ್ತಿಯಾದಾಗ ಸಮುದಾಯ ಎಂಬುದು ಏರ್ಪಡುತ್ತದೆ.

ಈಗ ನಮ್ಮ ನಿಮ್ಮ ಮನೆಗಳಿಗೆ ಬರುತ್ತೇನೆ. ಕುಟುಂಬದೊಳಗಿನ ಸಂಕೇತಗಳ ತೊಂದರೆಯೆಂದರೆ ಅವು ಕಣ್ಣಿಗೇ ಬೀಳುವುದಿಲ್ಲ. ಅಷ್ಟು ಬಳಕೆಯಾಗಿರುತ್ತವೆ. ಹೆರಾಲ್ಡ್ ಗಾರ್ಫಿಂಕಲ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಅವನ್ನು ಕಾಣಿಸುವಂತೆ ಮಾಡಲು ಒಂದು ಕಠಿಣ ಉಪಾಯ ಹೂಡಿದರು. ತಮ್ಮ ವಿದ್ಯಾರ್ಥಿಗಳಿಗೆ ಮನೆಗೆ ಹೋಗಿ ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬಾಡಿಗೆಗೆ ಇರುವ ಅಪರಿಚಿತರಂತೆ ನಡೆದುಕೊಳ್ಳಲು ಹೇಳಿದರು. ಕೇಳಿದಾಗ ಮಾತ್ರ ಮಾತನಾಡಬೇಕು, ಸಭ್ಯವಾಗಿರಬೇಕು, ಸಲಿಗೆ ತೋರಿಸಬಾರದು. ಗಮನಿಸಿ, ಯಾರನ್ನೂ ಬೈಯಲು ಹೇಳಿರಲಿಲ್ಲ, ವಿನಯದಿಂದಿರಲು ಹೇಳಿದ್ದರು. ಆದರೂ ಮನೆಗಳಲ್ಲಿ ಕಳವಳ ಎದ್ದಿತು. ಹುಷಾರಿಲ್ಲವೇ, ಯಾರಾದರೂ ಏನಾದರೂ ಅಂದರೇ, ನಮ್ಮ ಮೇಲೆ ಕೋಪವೇ ಎಂದು ಮನೆಯವರು ಕಾರಣ ಹುಡುಕಿದರು. ಕೆಲವರು ಸಿಟ್ಟಾದರು. ಹೊರಗಿನವರಿಗೆ ಗೌರವವೆನಿಸುವ ವಿನಯ ಮನೆಯವರಿಗೆ ತಿರಸ್ಕಾರವಾಗಿ ತಟ್ಟಿತು. ಮನೆಯಲ್ಲಿ ಕೇಳದೆ ತೆಗೆದುಕೊಳ್ಳುವುದು, ನಡುವೆ ಬಾಯಿ ಹಾಕುವುದು, ಗೊಣಗುವುದು, ಇವೂ ನಾನು ನಿಮ್ಮವನು ಎಂದು ಹೇಳುವ ಸಂಕೇತಗಳೇ. ಮಕ್ಕಳು ಒಮ್ಮೆಗೇ ಅತಿ ವಿಧೇಯರಾದರೆ ತಂದೆ ತಾಯಿ ಸಮಾಧಾನಪಡುವುದಕ್ಕಿಂತ ಹೆಚ್ಚಾಗಿ ಗಾಬರಿಪಡುವುದು ಇದಕ್ಕೇ.

ಜೊತೆಯಾಗಿ ಬಾಳಿದ ವರ್ಷಗಳು ಹೆಚ್ಚಾದಂತೆ ಸಂಕೇತಗಳು ಚಿಕ್ಕದಾಗುತ್ತ ಹೋಗುತ್ತವೆ. ಹೊರಗಿನವರೊಂದಿಗೆ ನಾಲ್ಕು ವಾಕ್ಯ ಬೇಕಾದದ್ದಕ್ಕೆ ಮನೆಯಲ್ಲಿ ಒಂದು ಕೆಮ್ಮು ಸಾಕು. ಇದು ಸಂತೋಷದ ಸಂಗತಿ. ಆದರೆ ಹೊಸದಾಗಿ ಆ ಮನೆಗೆ ಸೇರಿದವರ ಪಾಡನ್ನು ಯೋಚಿಸಿ. ಮದುವೆಯಾಗಿ ಬಂದವರು, ದತ್ತು ಬಂದ ಮಗು, ಎಷ್ಟೋ ವರ್ಷ ದೂರವಿದ್ದು ಮರಳಿದ ಮಗ. ಎಲ್ಲರೂ ನಗುವ ಮಾತಿಗೆ ಅವರಿಗೆ ನಗು ಬರುವುದಿಲ್ಲ. ಯಾರೂ ಹೇಳದ ನಿಯಮವನ್ನು ಮೀರಿ ನಿಂತಿರುತ್ತಾರೆ. ಅದು ಅವರ ಸ್ವಭಾವದ ದೋಷವೆಂದು ಹೆಸರು ಪಡೆಯುತ್ತದೆ. ಪೀಟರ್ ಬರ್ಗರ್ ಮತ್ತು ಹ್ಯಾನ್ಸ್‌ಫ್ರೀಡ್ ಕೆಲ್ನರ್ 1964ರ ತಮ್ಮ ಪ್ರಬಂಧದಲ್ಲಿ ಮದುವೆಯೆಂದರೆ ಇಬ್ಬರು ಅಪರಿಚಿತರು ನಿರಂತರ ಮಾತುಕತೆಯಿಂದ ಒಂದು ಸಮಾನ ಲೋಕವನ್ನು ಕಟ್ಟಿಕೊಳ್ಳುವ ಪ್ರಕ್ರಿಯೆ ಎಂದು ವಾದಿಸಿದರು. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಟ್ಟುವುದು ಇಬ್ಬರಾಗಿದ್ದರೆ ಅದು ಮದುವೆ. ಒಬ್ಬರ ಲೋಕಕ್ಕೆ ಇನ್ನೊಬ್ಬರು ಬರೀ ಹೊಂದಿಕೊಳ್ಳುತ್ತಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಇಲ್ಲಿಂದ ಅಧಿಕಾರದ ಪ್ರಶ್ನೆ ಬರುತ್ತದೆ. ಇದರ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಯಾರು ಯಾರನ್ನು ಏಕವಚನದಲ್ಲಿ ಕರೆಯಬಹುದು, ಯಾರನ್ನು ಬಹುವಚನದಲ್ಲಿ ಕರೆಯಲೇಬೇಕು ಎಂಬ ಭೇದ ಜಗತ್ತಿನ ಅನೇಕ ಭಾಷೆಗಳಲ್ಲಿದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸರ್ವನಾಮಗಳು ಎರಡು ಕೆಲಸ ಮಾಡುತ್ತವೆ ಎಂದು ತೋರಿಸಿದರು. ಪರಸ್ಪರ ಬಳಸಿದರೆ ಆಪ್ತತೆ ಅಥವಾ ಅಂತರ. ಒಬ್ಬರು ಏಕವಚನ ಬಳಸಿ ಬಹುವಚನವನ್ನು ಪಡೆದರೆ ಮೇಲು ಕೀಳು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ನ್ಯಾಯಾಧೀಶರನ್ನೂ ಸಿರಿವಂತರನ್ನೂ ಏಕವಚನದಲ್ಲೇ ಕರೆದರು, ಅವರ ಮುಂದೆ ಟೋಪಿ ತೆಗೆಯಲು ಒಪ್ಪಲಿಲ್ಲ. ಅದಕ್ಕಾಗಿ ಏಟು ತಿಂದರು, ಸೆರೆಮನೆ ಕಂಡರು. ಸ್ವೀಡನ್‌ನಲ್ಲಿ 1967ರಲ್ಲಿ ಅಲ್ಲಿನ ರಾಷ್ಟ್ರೀಯ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೋರ್ ರೆಕ್ಸೆಡ್, ಸಿಬ್ಬಂದಿಯನ್ನೆಲ್ಲ ಏಕವಚನದಲ್ಲಿ ಮಾತನಾಡಿಸುವುದಾಗಿ ಸಾರಿದರು. ಪದವಿ, ಬಿರುದು ಹಿಡಿದು ಸಂಬೋಧಿಸುವ ಪದ್ಧತಿ ಆಗಲೇ ಸಡಿಲವಾಗುತ್ತಿತ್ತು. ಅವರ ಆ ಮಾತು ಬದಲಾವಣೆಯ ಗುರುತಾಗಿ ಉಳಿಯಿತು. ಕೆಲವೇ ವರ್ಷಗಳಲ್ಲಿ ಇಡೀ ದೇಶದ ಸಂಬೋಧನೆ ಬದಲಾಯಿತು. ಸಂಕೇತವೊಂದು ಶಾಶ್ವತವೆಂದು ಹೇಳುವವರಿಗೆ ನಾನು ಈ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಜನ ಹಟ ಹಿಡಿದರೆ ಅದು ಬದಲಾಗುತ್ತದೆ, ಆದರೆ ಮೊದಲು ಹಟ ಹಿಡಿದವರು ಬೆಲೆ ತೆರುತ್ತಾರೆ.

ಮನೆಯಲ್ಲಿಯೂ ಇದೇ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಒಬ್ಬರಿಗೆ ಜಾಣ, ಇನ್ನೊಬ್ಬರಿಗೆ ಸೋಮಾರಿ ಎಂಬ ಹೆಸರು ಬಿದ್ದುಹೋಗುತ್ತದೆ. ಪ್ರೀತಿಯಿಂದಲೇ ಬಿದ್ದಿರಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿಯೇ ಹೇಳಿದ್ದರು: ಇತರರಿಗೆ ನಾನು ಹೇಗೆ ಕಾಣುತ್ತೇನೆ, ಕಂಡದ್ದನ್ನು ಅವರು ಹೇಗೆ ತೂಗುತ್ತಾರೆ ಎಂಬ ನನ್ನ ಊಹೆಯಿಂದಲೇ ನನ್ನ ಬಗೆಗಿನ ನನ್ನ ಭಾವನೆ ಹುಟ್ಟುತ್ತದೆ. ಸೋಮಾರಿ ಎನಿಸಿಕೊಂಡ ಮಗು ಎದ್ದು ಕೆಲಸ ಮಾಡಿದರೆ ಇವತ್ತು ಏನು ವಿಶೇಷ ಎಂದು ಕೇಳುತ್ತಾರೆ. ಕೂತರೆ ಗೊತ್ತಿತ್ತು ಎನ್ನುತ್ತಾರೆ. ಮಗು ಏನು ಮಾಡಿದರೂ ಹೆಸರಿಗೇ ಸಾಕ್ಷಿಯಾಗುತ್ತದೆ. ಜನ ಒಂದು ಸನ್ನಿವೇಶವನ್ನು ನಿಜವೆಂದು ಬಗೆದರೆ ಅದರ ಪರಿಣಾಮಗಳು ನಿಜವಾಗುತ್ತವೆ ಎಂದು ವಿಲಿಯಂ ಥಾಮಸ್ ಮತ್ತು ಡೊರೊಥಿ ಥಾಮಸ್ 1928ರಲ್ಲಿ ಬರೆದರು. ಮಕ್ಕಳ ಮೇಲಿನ ಹೆಸರುಗಳ ವಿಷಯದಲ್ಲಿ ಇದಕ್ಕಿಂತ ಕಟುವಾದ ಸತ್ಯ ನನಗೆ ಗೊತ್ತಿಲ್ಲ. ಹೆಸರು ಇಡುವ ಅಧಿಕಾರ ದೊಡ್ಡವರ ಕೈಯಲ್ಲಿದೆ, ಅದನ್ನು ಅಳಿಸುವ ಅಧಿಕಾರ ಮಗುವಿನ ಕೈಯಲ್ಲಿಲ್ಲ. ಇದು ಅನ್ಯಾಯ. ಮನೆಯೊಳಗೆ ನಡೆಯುವುದರಿಂದ ಅದು ಸಣ್ಣ ಅನ್ಯಾಯವಾಗುವುದಿಲ್ಲ.

ಮೌನದ ಬಗ್ಗೆ ಎರಡು ಮಾತು. ಸಂವಹನ ನಡೆಸದೆ ಇರಲು ಮನುಷ್ಯನಿಗೆ ಸಾಧ್ಯವೇ ಇಲ್ಲ ಎಂದು ಪಾಲ್ ವಾಟ್ಸ್‌ಲಾವಿಕ್ ಮತ್ತು ಅವರ ಸಂಗಡಿಗರು 1967ರಲ್ಲಿ ವಾದಿಸಿದರು. ಸುಮ್ಮನಿರುವುದೂ ಏನನ್ನೋ ಹೇಳುತ್ತದೆ. ಅವರು ಕೊಟ್ಟ ಒಂದು ಉದಾಹರಣೆ ಎಲ್ಲ ದೇಶದ ದಂಪತಿಗಳಿಗೂ ಸಲ್ಲುತ್ತದೆ. ಅವಳು ದೂರುತ್ತಾಳೆ ಎಂದು ನಾನು ಮೌನವಾಗುತ್ತೇನೆ ಎಂದು ಗಂಡ ಹೇಳುತ್ತಾನೆ. ಅವನು ಮೌನವಾಗುತ್ತಾನೆ ಎಂದು ನಾನು ದೂರುತ್ತೇನೆ ಎಂದು ಹೆಂಡತಿ ಹೇಳುತ್ತಾಳೆ. ಇಬ್ಬರೂ ನೋಡುತ್ತಿರುವುದು ಅದೇ ಸರಪಣಿಯನ್ನು. ಅದರ ಮೊದಲ ಕೊಂಡಿ ಯಾವುದೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಇದಕ್ಕಿಂತ ಗಾಯ ಮಾಡುವುದು ಮಾತು ಒಂದು, ಮೈ ಇನ್ನೊಂದು ಹೇಳುವ ಪರಿಸ್ಥಿತಿ. ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರ 1956ರ ಲೇಖನದಲ್ಲಿ ಒಬ್ಬ ಯುವಕ ತನ್ನನ್ನು ನೋಡಲು ಬಂದ ತಾಯಿಯ ಹೆಗಲ ಮೇಲೆ ಕೈ ಹಾಕುತ್ತಾನೆ. ಆಕೆಯ ಮೈ ಬಿಗಿಯಾಗುತ್ತದೆ. ಅವನು ಕೈ ತೆಗೆಯುತ್ತಾನೆ. ಆಗ ಆಕೆ, ನನ್ನ ಮೇಲೆ ನಿನಗೆ ಪ್ರೀತಿಯೇ ಇಲ್ಲವೇ ಎಂದು ಕೇಳುತ್ತಾಳೆ. ಕೈ ಇಟ್ಟರೂ ತಪ್ಪು, ತೆಗೆದರೂ ತಪ್ಪು. ಇಂತಹ ಇಬ್ಬಂದಿಯೇ ಮನೋರೋಗಕ್ಕೆ ಕಾರಣ ಎಂಬ ಆ ಲೇಖನದ ವಾದ ಮುಂದೆ ನಿಲ್ಲಲಿಲ್ಲ. ಅದರಿಂದ ಎಷ್ಟೋ ತಾಯಂದಿರು ವೃಥಾ ದೂಷಣೆ ಹೊತ್ತರು. ಆದರೆ ಆ ಇಬ್ಬಂದಿಯ ವರ್ಣನೆ ನಿಜವಾದದ್ದು, ಅದನ್ನು ಬಾಳಿದವರು ಈ ಸಭೆಯಲ್ಲೂ ಇದ್ದೀರಿ.

ಮೊಬೈಲ್‌ನಲ್ಲಿ ಕಳುಹಿಸುವ ಚಿತ್ರಸಂಕೇತಗಳ ಬಗ್ಗೆ ಎಲ್ಲ ಕಡೆ ಕೇಳುತ್ತಾರೆ. ಒಂದು ನಿಜವಾದ ಮೊಕದ್ದಮೆ ಹೇಳಿ ಮುಂದೆ ಹೋಗುತ್ತೇನೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಧಾನ್ಯ ಖರೀದಿಸುವ ಕಂಪನಿಯೊಂದು ಅಗಸೆಬೀಜದ ಒಪ್ಪಂದದ ಚಿತ್ರವನ್ನು ರೈತರೊಬ್ಬರಿಗೆ ಕಳುಹಿಸಿ ದೃಢಪಡಿಸಲು ಕೇಳಿತು. ಅವರು ಎತ್ತಿದ ಹೆಬ್ಬೆರಳಿನ ಚಿತ್ರವನ್ನು ಉತ್ತರವಾಗಿ ಕಳುಹಿಸಿದರು. ಬೀಜ ಬರಲಿಲ್ಲ. ಸಂದೇಶ ತಲುಪಿತು ಎಂದಷ್ಟೇ ನನ್ನ ಅರ್ಥ ಎಂದು ರೈತರು ವಾದಿಸಿದರು. 2023ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿಗೆ ಎಂದೇ ಪರಿಗಣಿಸಿತು, 2024ರಲ್ಲಿ ಮೇಲ್ಮನವಿಯಲ್ಲೂ ಆ ತೀರ್ಪು ಉಳಿಯಿತು. ನನಗೆ ಮುಖ್ಯವೆನಿಸಿದ್ದು ಕಾರಣ. ಈ ಹಿಂದೆ ಅವರಿಬ್ಬರ ನಡುವೆ ಒಂದೆರಡು ಪದದ ಚುಟುಕು ಉತ್ತರಗಳೇ ಒಪ್ಪಿಗೆಯಾಗಿ ನಡೆದುಬಂದಿದ್ದವು ಎಂಬುದನ್ನು ನ್ಯಾಯಾಧೀಶರು ಗಮನಕ್ಕೆ ತೆಗೆದುಕೊಂಡರು. ಹೆಬ್ಬೆರಳಿಗೆ ಅರ್ಥ ಕೊಟ್ಟದ್ದು ಆ ಇಬ್ಬರ ಹಿಂದಿನ ವ್ಯವಹಾರ. ಮಗ ಅದೇ ಹೆಬ್ಬೆರಳನ್ನು ತಾಯಿಯ ಉದ್ದನೆಯ ಪತ್ರಕ್ಕೆ ಉತ್ತರವಾಗಿ ಕಳುಹಿಸಿದಾಗ ಅವನಿಗೆ ಅದು ಓದಿದೆ, ಸಂತೋಷ ಎಂಬ ಮಾತು. ಅವಳಿಗೆ ಅದು ಮುಚ್ಚಿದ ಬಾಯಿ. ಇದನ್ನು ತೀರ್ಮಾನಿಸಲು ನ್ಯಾಯಾಲಯವಿಲ್ಲ. ಕೇಳಿಕೊಳ್ಳಬೇಕಾದವರು ಅವರಿಬ್ಬರೇ. ಕೇಳುವ ಮೊದಲ ಹೆಜ್ಜೆಯನ್ನು ಹೆಚ್ಚು ಅಧಿಕಾರ ಇರುವವರು ಇಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡದ್ದನ್ನು ನಾನು ಕೋಪ ಎಂದುಕೊಂಡೆ, ಸರಿಯೇ ಎಂದು ತಂದೆ ಮಗಳನ್ನು ಕೇಳುವುದು ಸುಲಭ. ಮಗಳು ತಂದೆಯನ್ನು ಹಾಗೆ ಕೇಳಬೇಕೆಂದರೆ ಧೈರ್ಯ ಬೇಕು.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: ಮನೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯುವಾಗಿ ಮಾತು ಹೋಗಿದೆ. ಹಂಚಿಕೊಂಡ ಸಂಕೇತಗಳೇ ಕಳೆದುಹೋದ ಮೇಲೆ ಸಂವಹನ ಎಲ್ಲಿಂದ?

ಸಂಕೇತಗಳೆಲ್ಲವೂ ಕಳೆದುಹೋಗಿರುವುದಿಲ್ಲ ಎಂಬುದು ನನ್ನ ಮೊದಲ ಉತ್ತರ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೆಚ್ಚಾಗಿ ಬರುವ ಈ ಸ್ಥಿತಿಯಲ್ಲಿ ಪದಗಳು ಸಿಕ್ಕುವುದಿಲ್ಲ. ವಿವೇಚನೆ, ನೆನಪು, ಸಂಬಂಧಗಳ ಅರಿವು ಬಹಳ ಮಟ್ಟಿಗೆ ಉಳಿದಿರಬಹುದು. ಟೊರಾಂಟೊದ ವಾಕ್ ಚಿಕಿತ್ಸಾ ತಜ್ಞೆ ಆರಾ ಕೇಗನ್ 1990ರ ದಶಕದಲ್ಲಿ ರೂಪಿಸಿದ ವಿಧಾನ ಇಲ್ಲಿಂದಲೇ ಆರಂಭವಾಗುತ್ತದೆ. ನಿಮಗೆ ಇದು ಗೊತ್ತಿದೆ ಎಂದು ನನಗೆ ಗೊತ್ತಿದೆ ಎಂಬುದನ್ನು ಅವರಿಗೆ ಮೊದಲು ತಿಳಿಸಬೇಕು. ಮಗುವಿನೊಂದಿಗೆ ಆಡುವ ದನಿಯಲ್ಲಿ ಮಾತನಾಡಬಾರದು. ಅವರ ಮುಂದೆಯೇ ಅವರ ಬಗ್ಗೆ ಇತರರೊಂದಿಗೆ ಮಾತನಾಡಬಾರದು. ಮಾತಿನ ಜೊತೆಗೆ ಮುಖ್ಯ ಪದವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿ, ಚಿತ್ರ ಬಿಡಿಸಿ, ಕೈಸನ್ನೆ ಮಾಡಿ. ಒಂದು ಸಲಕ್ಕೆ ಒಂದೇ ವಿಷಯ ಕೇಳಿ, ಉತ್ತರಕ್ಕೆ ಕಾಯಿರಿ. ನಿಮ್ಮ ಮನೆಯಲ್ಲಿ ಹಿಂದೆ ಬಳಕೆಯಲ್ಲಿದ್ದ ಕಣ್ಣಿನ ನೋಟ, ಬೆರಳಿನ ಸನ್ನೆಗಳನ್ನೆಲ್ಲ ಮತ್ತೆ ಹೊರತೆಗೆಯಿರಿ. ಯಾವ ತಜ್ಞರ ಬಳಿಯೂ ಇಲ್ಲದ ಬಂಡವಾಳ ಅದು.

ಒಂದು ಎಚ್ಚರಿಕೆ ಇದೆ. ಈ ಸ್ಥಿತಿಯಲ್ಲಿ ಹೌದು ಎನ್ನಲು ಹೋಗಿ ಇಲ್ಲ ಎಂದುಬಿಡುವುದು, ತಲೆ ಒಂದು ಹೇಳಿ ಬಾಯಿ ಇನ್ನೊಂದು ಹೇಳುವುದು ಸಾಮಾನ್ಯ. ಆದ್ದರಿಂದ ಚಿಕಿತ್ಸೆ, ಹಣ, ವಾಸದ ಜಾಗ ಮುಂತಾದ ಯಾವ ತೀರ್ಮಾನಕ್ಕೂ ಅವರ ಮೊದಲ ತಲೆಯಾಡಿಕೆಯನ್ನೇ ಒಪ್ಪಿಗೆಯೆಂದು ತೆಗೆದುಕೊಳ್ಳಬೇಡಿ. ಹೌದು, ಇಲ್ಲ ಎಂಬೆರಡನ್ನೂ ಬರೆದಿಟ್ಟು ಬೆರಳಿನಿಂದ ತೋರಿಸಲು ಹೇಳಿ. ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿ. ನೀವು ತಿಳಿದುಕೊಂಡದ್ದನ್ನು ಅವರಿಗೆ ಹೇಳಿ ತೋರಿಸಿ. ಅವರು ಅಲ್ಲ ಎಂದರೆ ಮೊದಲಿನಿಂದ ಶುರುಮಾಡಿ, ಅದಕ್ಕೆ ಅರ್ಧ ಗಂಟೆ ಹಿಡಿದರೂ ಸರಿ.